ಏಳು ದಿನದ ಶಿಬಿರಕ್ಕೆ ದುಡಿಯುವವರು ಯಾರು

ಪಟ್ಟಣದ ಹುಡುಗ ಹುಡುಗಿಯರನ್ನು ಒಂದು ವಾರ ಹಳ್ಳಿಗೆ ಕರೆದುಕೊಂಡು ಹೋಗಿ ಸೇವೆ ಮಾಡಿಸಿದರೆ ಹಳ್ಳಿಗೂ ಒಳ್ಳೆಯದು, ಮಕ್ಕಳಿಗೂ ಒಳ್ಳೆಯದು ಎಂಬ ನಂಬಿಕೆ ನಮ್ಮ ಕಾಲೇಜುಗಳಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ಪ್ರಾಂಶುಪಾಲರು ಬೀಳ್ಕೊಡುಗೆ ಭಾಷಣದಲ್ಲಿ ಅದನ್ನೇ ಹೇಳುತ್ತಾರೆ, ಬಸ್ಸಿನ ಬಾಗಿಲ ಬಳಿ ನಿಂತ ತಂದೆ ತಾಯಿಯರೂ ಅದನ್ನೇ ಹೇಳುತ್ತಾರೆ. ಬೆಂಗಳೂರಿನಿಂದ ಸೇಲಂ, ಧರ್ಮಪುರಿ ಜಿಲ್ಲೆಗಳ ಊರುಗಳಿಗೆ ಇಂಥ ಶಿಬಿರಗಳನ್ನು ನಡೆಸಿಕೊಡುವ ಸಿಬ್ಬಂದಿಯಾಗಿ ನಾನು ಕೆಲವು ವರ್ಷ ದುಡಿದಿದ್ದೇನೆ. ಆ ದುಡಿಮೆಯಿಂದ ನನಗೆ ಮನದಟ್ಟಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹಳ್ಳಿಗೆ ಒಳ್ಳೆಯದಾಗುತ್ತದೆ ಎಂಬುದು ಬಹುಪಾಲು ಸುಳ್ಳು. ಮಕ್ಕಳಿಗೆ ಒಳ್ಳೆಯದಾಗುತ್ತದೆ ಎಂಬುದು ನಿಜವೇ. ಆದರೆ ಆ ಒಳ್ಳೆಯದರ ಬೆಲೆ ತೆರುವವರು ಹಳ್ಳಿಯವರು, ಮತ್ತು ಅವರು ತೆತ್ತದ್ದಕ್ಕೆ ಯಾವ ಕಡತದಲ್ಲೂ ಲೆಕ್ಕವಿಲ್ಲ.

ಲೆಕ್ಕ ಇಡುವುದು ಗೊತ್ತಿಲ್ಲದ ವ್ಯವಸ್ಥೆ ಇದಲ್ಲ. ಗಾಂಧಿ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳೊಂದಿಗೆ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್‌ಎಸ್‌ಎಸ್ ಶುರುವಾಯಿತು. ಅಲ್ಲಿ ಸ್ವಯಂಸೇವಕ ಎರಡು ವರ್ಷಕ್ಕೆ 240 ಗಂಟೆ ಕೆಲಸ ಮಾಡಬೇಕು, ಜೊತೆಗೆ ಏಳು ದಿನದ ವಿಶೇಷ ಶಿಬಿರ. ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಅಡಿಯ ಎಂಜಿನಿಯರಿಂಗ್ ವಿದ್ಯಾರ್ಥಿ ಪದವಿ ಪಡೆಯಲು 100 ಚಟುವಟಿಕೆ ಅಂಕ ಕೂಡಿಸಲೇಬೇಕು. 2020ರ ಹೊಸ ಶಿಕ್ಷಣ ನೀತಿ ಬಂದಮೇಲೆ ಸಮುದಾಯದ ಜೊತೆಗಿನ ಕೆಲಸಕ್ಕೆ ಕ್ರೆಡಿಟ್ ಕೊಡುವ ಮಾತು ಎಲ್ಲ ಕಡೆ ನಡೆದಿದೆ. ವಿದ್ಯಾರ್ಥಿಯ ಒಂದೊಂದು ಗಂಟೆಯೂ ದಾಖಲಾಗುತ್ತದೆ, ಸಹಿ ಬೀಳುತ್ತದೆ, ಮೊಹರು ಬೀಳುತ್ತದೆ. ಆ ಗಂಟೆ ನಡೆಯುವಂತೆ ಮಾಡಲು ಊರಿನವರು ಕಳೆದುಕೊಂಡ ಗಂಟೆಗೆ ಮಾತ್ರ ಯಾವ ನಮೂನೆಯಲ್ಲೂ ಕಾಲಂ ಇಲ್ಲ.

ಆ ಗಂಟೆಗಳು ಎಂಥವು ಎಂದು ಹೇಳುತ್ತೇನೆ. ಪೆನ್ನಾಗರದ ಕಡೆ ಮನೆಮಾತು ಕನ್ನಡವಾಗಿರುವ ಕುಟುಂಬಗಳಿವೆ. ನೊಳಂಬರ ಕಾಲದ ಕನ್ನಡ ಶಾಸನಗಳಿರುವ ಸೀಮೆ ಅದು, ಅಲ್ಲಿ ಕನ್ನಡ ಕೇಳಿದರೆ ಅಚ್ಚರಿಪಡಬೇಕಾಗಿಲ್ಲ. ಆ ಭಾಗದ ಒಂದು ಊರಿನಲ್ಲಿ ನಮ್ಮ ತಂಡ ಶಾಲೆಯಲ್ಲಿ ಉಳಿದುಕೊಂಡಿತ್ತು. ನಲ್ಲಿಯಲ್ಲಿ ದಿನವೂ ನೀರು ಬರುತ್ತಿರಲಿಲ್ಲ. ಬಂದ ದಿನ ಹಿಡಿದಿಟ್ಟುಕೊಳ್ಳಬೇಕು. ಶಾಲೆಯ ಹಿಂದಿನ ಮನೆಯ ಅಜ್ಜಿ ಬೆಳಗಿನ ಜಾವದಿಂದ ಪ್ಲಾಸ್ಟಿಕ್ ಬಿಂದಿಗೆಗಳನ್ನು ಸಾಲಾಗಿ ಇಟ್ಟು, ತುಂಬಿಸಿ, ಒಂದೊಂದನ್ನೇ ಸೊಂಟದ ಮೇಲೆ ಹೊತ್ತು ತಂದು ಶಾಲೆಯ ಡ್ರಮ್ಮಿಗೆ ಸುರಿಯುತ್ತಿದ್ದರು. ಯಾಕಜ್ಜಿ ನೀವು ಹೊರ್ತೀರ, ಹುಡುಗರು ಹೊರ್ತಾರೆ ಬಿಡಿ ಎಂದೆ. "ಅವರಿಗೆ ನಮ್ಮ ಸರದಿ ಎಲ್ಲಿ ಗೊತ್ತಾಗುತ್ತಪ್ಪ? ಬೇರೆಯವರ ಬಿಂದಿಗೆ ಸರಿಸಿ ಜಗಳ ತರ್ತಾರೆ. ಈ ವಾರ ನಾನು ನೂರು ದಿನದ ಕೆಲಸಕ್ಕೇ ಹೋಗಿಲ್ಲ" ಎಂದರು. ಉದ್ಯೋಗ ಖಾತರಿಯನ್ನು ಆ ಕಡೆಯವರು ಕರೆಯುವುದೇ ನೂರು ದಿನದ ಕೆಲಸ ಎಂದು. ಅಂದರೆ ನಮ್ಮ ಮಕ್ಕಳ ಸ್ನಾನಕ್ಕೆ ಅವರು ತಮ್ಮ ಕೂಲಿಯನ್ನೇ ಬಿಟ್ಟಿದ್ದರು. ಅದೇ ವಾರ ಮಕ್ಕಳು ಶಾಲೆಯ ಗೋಡೆಗೆ ನೀರು ಉಳಿಸಿ ಎಂದು ಬಣ್ಣ ಬಳಿದರು. ಬ್ರಷ್ಷು ತೊಳೆದದ್ದು ಆ ಡ್ರಮ್ಮಿನ ನೀರಿನಲ್ಲೇ. ವಾರದ ಕೊನೆಗೆ ಪ್ರಮಾಣಪತ್ರ ಸಿಕ್ಕಿದ್ದು ಗೋಡೆಗೆ ಬಣ್ಣ ಬಳಿದವರಿಗೆ.

ಇದು ಮಕ್ಕಳ ತಪ್ಪಲ್ಲ. ಹದಿನೆಂಟು ಹತ್ತೊಂಬತ್ತರ ವಯಸ್ಸಿನವರು, ಹೇಳಿದ್ದನ್ನು ಮನಸ್ಸಿಟ್ಟು ಮಾಡುವವರು, ಹೊರಡುವಾಗ ಅತ್ತುಕೊಂಡೇ ಬಸ್ಸು ಹತ್ತುವವರು. ತಪ್ಪು ಅವರ ಕೈಗೆ ಬ್ರಷ್ಷು ಕೊಟ್ಟು, ಇದೇ ಸೇವೆ ಎಂದು ಹೇಳಿಕೊಟ್ಟವರದು.

ಶಿಬಿರದ ಸಿಬ್ಬಂದಿ ಎಂದರೆ ಹೊರಗಿನವರಿಗೆ ನನ್ನಂಥ ಕೋಆರ್ಡಿನೇಟರುಗಳು ಕಾಣುತ್ತಾರೆ. ಪೋಷಕರ ಒಪ್ಪಿಗೆ ಪತ್ರ, ಓಆರ್‌ಎಸ್ ಪೊಟ್ಟಣ, ಯಾರಿಗೆ ಯಾವ ಅಲರ್ಜಿ ಎಂಬ ಪಟ್ಟಿ, ತೊಪ್ಪೂರು ಘಾಟಿ ಇಳಿಯುವಾಗ ಚಾಲಕನ ಪಕ್ಕ ಕೂತು ಎಚ್ಚರವಿರುವುದು, ರಾತ್ರಿ ಯಾರಿಗೋ ಜ್ವರ ಬಂದರೆ ಟಾರ್ಚು ಹಿಡಿದು ಓಡುವುದು, ಇದೆಲ್ಲ ನಮ್ಮ ಕೆಲಸ. ಕಷ್ಟದ ಕೆಲಸವೇ. ಆದರೆ ಶಿಬಿರ ನಿಜವಾಗಿ ನಿಂತಿರುವುದು ಬೇರೊಬ್ಬರ ಮೇಲೆ. ಪ್ರತಿ ಊರಿನಲ್ಲೂ ಸ್ಥಳೀಯ ಸಂಯೋಜಕಿ ಎಂದು ಒಬ್ಬಳು ಇರುತ್ತಾಳೆ. ಸಾಮಾನ್ಯವಾಗಿ ಆ ಊರಿನಲ್ಲೇ ಹುಟ್ಟಿ, ಹರೂರಿನಲ್ಲೋ ಸೇಲಂನಲ್ಲೋ ಡಿಗ್ರಿ ಮಾಡಿ, ಕೆಲಸ ಸಿಗದೆ ಹಿಂದಿರುಗಿದ ಹೆಣ್ಣುಮಗಳು. ಮನೆಮನೆಗೆ ಹೋಗಿ ಅನುಮತಿ ಕೇಳುವವಳು ಅವಳು. ಇಪ್ಪತ್ತೈದು ಪ್ರಶ್ನೆಗಳ ಸಮೀಕ್ಷೆ ಹಿಡಿದುಕೊಂಡು ಬಂದ ಹುಡುಗ ಇಳಿವಯಸ್ಸಿನ ವಿಧವೆಯ ಮುಂದೆ ಕೂತು ನಿಮ್ಮ ತಿಂಗಳ ಆದಾಯ ಎಷ್ಟು, ಮನೆಯಲ್ಲಿ ಯಾರಾದರೂ ಕುಡಿಯುತ್ತಾರಾ ಎಂದು ಕೇಳಿದಾಗ ಆ ಪ್ರಶ್ನೆಯ ಮೊನೆ ಮುರಿದು ತಮಿಳಿಗೆ ತಿರುಗಿಸುವವಳು ಅವಳು. ಮುದುಕಿ ಸಿಟ್ಟಿನಿಂದ ಹೇಳಿದ್ದನ್ನು ಮೆದು ಮಾಡಿ ಹುಡುಗನಿಗೆ ದಾಟಿಸುವವಳೂ ಅವಳೇ.

ಅವಳ ಕಷ್ಟ ಹೆಚ್ಚುವುದು ಬಸ್ಸು ಹೋದಮೇಲೆ. ಭಾವುಕರಾದ ಮಕ್ಕಳು ಏನೇನೋ ಮಾತು ಕೊಟ್ಟಿರುತ್ತಾರೆ. ನಮ್ಮ ಅಪ್ಪನ ಕಂಪನಿಯಿಂದ ಕಂಪ್ಯೂಟರ್ ಕಳಿಸುತ್ತೇವೆ, ನಿಮ್ಮ ಮಗಳಿಗೆ ಬೆಂಗಳೂರಲ್ಲಿ ಕೆಲಸ ಹುಡುಕುತ್ತೇವೆ, ಪೊಂಗಲಿಗೆ ಖಂಡಿತ ಬರುತ್ತೇವೆ. ಊರಿನವರು ಆ ಮಾತನ್ನು ನಂಬಿರುತ್ತಾರೆ, ಯಾಕೆಂದರೆ ಅವರಲ್ಲಿ ಮಾತು ಕೊಡುವುದೆಂದರೆ ಕೊಟ್ಟಂತೆಯೇ. ತಿಂಗಳುಗಟ್ಟಲೆ ರೇಷನ್ ಅಂಗಡಿಯ ಸಾಲಿನಲ್ಲಿ, ಬಸ್‌ಸ್ಟಾಪಿನಲ್ಲಿ, ಅವಳನ್ನು ನಿಲ್ಲಿಸಿ ಕೇಳುತ್ತಾರೆ: ಕಂಪ್ಯೂಟರ್ ಎಲ್ಲಮ್ಮಾ? ಉತ್ತರ ಹೇಳಬೇಕಾದವರು ಬೆಂಗಳೂರಿನಲ್ಲಿ ಮುಂದಿನ ಸೆಮಿಸ್ಟರಿಗೆ ಓದುತ್ತಿರುತ್ತಾರೆ. ಊರಿನ ನಂಬಿಕೆ ಎಂಬ ಅವಳ ಒಂದೇ ಒಂದು ಬಂಡವಾಳ ಹೀಗೆ ಶಿಬಿರದಿಂದ ಶಿಬಿರಕ್ಕೆ ಕರಗುತ್ತದೆ. ಇಡೀ ತಂಡದಲ್ಲಿ ಅತಿ ಕಡಿಮೆ ಸಂಭಾವನೆ ಅವಳದು. ಹೆಚ್ಚಿಸಿ ಎಂದು ಕೇಳಿದಾಗಲೆಲ್ಲ ನನಗೆ ಸಿಕ್ಕ ಉತ್ತರ, ಅವಳು ತನ್ನ ಊರಿಗೆ ತಾನೇ ಸೇವೆ ಮಾಡುತ್ತಿದ್ದಾಳಲ್ಲ ಎಂಬುದು. ಕಡಿಮೆ ಕೂಲಿ ಕೊಡಲು ಇದಕ್ಕಿಂತ ಅನ್ಯಾಯದ ಕಾರಣವನ್ನು ನಾನು ಕೇಳಿಲ್ಲ.

ಪ್ರತಿ ಸಂಜೆ ಮಕ್ಕಳನ್ನು ಸುತ್ತ ಕೂರಿಸಿ, ಇವತ್ತು ಏನು ಕಲಿತಿರಿ ಎಂದು ಕೇಳುವ ಪದ್ಧತಿಯಿದೆ. ಯಾವ ಕಾಲೇಜಿನ ತಂಡವಾದರೂ ಎರಡನೆಯ ಸಂಜೆಯ ಹೊತ್ತಿಗೆ ಯಾರಾದರೊಬ್ಬರು ಹೇಳುವ ಮಾತು: "ಅವರ ಹತ್ರ ಏನೂ ಇಲ್ಲ, ಆದ್ರೂ ಎಷ್ಟು ಖುಷಿಯಾಗಿದಾರೆ." ಉಳಿದವರು ತಲೆದೂಗುತ್ತಾರೆ. ಸಿಬ್ಬಂದಿ ಅದನ್ನು ವರದಿಗೆ ಬರೆದುಕೊಳ್ಳುತ್ತಾರೆ, ಶಿಬಿರ ಫಲ ಕೊಟ್ಟಿತು ಎಂಬುದಕ್ಕೆ ಅದೇ ಸಾಕ್ಷಿಯಾಗುತ್ತದೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಮನೆಗೆ ಬಂದ ಅತಿಥಿಯ ಎದುರು ನಗುಮುಖ ತೋರಿದ್ದನ್ನು ಬದುಕಿನ ಸಂತೋಷವೆಂದು ತಿಳಿಯುವುದು ಕಲಿಕೆಯಲ್ಲ. ಆ ನಗುವಿನ ಹಿಂದೆ ಏನಿದೆ ಎಂದು ಕೇಳದಿರುವುದಕ್ಕೆ ಅದೊಂದು ನೆಪವಾಗುತ್ತದೆ.

ಏನಿದೆ ಎಂದು ನೋಡಲು ದೂರ ಹೋಗಬೇಕಿಲ್ಲ. ಕಲ್ರಾಯನ್ ಬೆಟ್ಟದ ಕಡೆ ಹೊಲಗಳಲ್ಲಿ ಬೆಳೆಯುವ ಮರಗೆಣಸು ಸೇಲಂನ ಕಾರ್ಖಾನೆಗಳಿಗೆ ಹೋಗಿ ಸಬ್ಬಕ್ಕಿಯಾಗುತ್ತದೆ. ನಮ್ಮ ಮನೆಗಳ ಪಾಯಸ, ಸಂಡಿಗೆ, ಏಕಾದಶಿಯ ಉಪ್ಪಿಟ್ಟು ಎಲ್ಲಕ್ಕೂ ಆ ಜಿಲ್ಲೆಯೇ ಮೂಲ. ಆ ಸಬ್ಬಕ್ಕಿಗೆ ನ್ಯಾಯವಾದ ಮಾರುಕಟ್ಟೆ ಸಿಗಲೆಂದು 1981ರಲ್ಲೇ ಸೇಲಂನಲ್ಲಿ ಸಾಗೋಸರ್ವ್ ಎಂಬ ಸಹಕಾರ ಸಂಘ ಹುಟ್ಟಿತು. ಆದರೂ ಗೆಡ್ಡೆಯ ಬೆಲೆ ಬಿದ್ದ ವರ್ಷ ಬೆಟ್ಟದ ರೈತನ ಸಾಲ ಏರುತ್ತದೆ. ಬೆಲೆ ಯಾರು ಕಟ್ಟುತ್ತಾರೆ, ಪಿಷ್ಟದ ಪ್ರಮಾಣ ಯಾರು ಅಳೆಯುತ್ತಾರೆ, ಲಾರಿ ಬಾಡಿಗೆ ಯಾರ ತಲೆಗೆ ಬೀಳುತ್ತದೆ ಎಂದು ವಾಣಿಜ್ಯ ಓದುವ ಹುಡುಗಿ ಒಂದು ವಾರ ಬೆನ್ನುಹತ್ತಿದರೆ ಅವಳಿಗೆ ಸಿಗುವ ಪಾಠ ಯಾವ ತರಗತಿಯಲ್ಲೂ ಸಿಗದು. ನಾವು ಅವಳಿಂದ ಮಾಡಿಸುವುದು ಬಾಲವಾಡಿಯ ಗೋಡೆಗೆ ಚಿಟ್ಟೆ ಬಿಡಿಸುವ ಕೆಲಸ.

ಇನ್ನೊಂದು ಸಂಗತಿ. ಹರೂರು ತಾಲ್ಲೂಕಿಗೆ ಹೋಗುವ ಶಿಬಿರಗಳಲ್ಲಿ ವಾಚಾತಿಯ ಹೆಸರನ್ನು ಎತ್ತಬಾರದು ಎಂಬ ಸೂಚನೆ ನನಗೆ ಸಿಕ್ಕಿತ್ತು. ಮಕ್ಕಳ ಮನಸ್ಸು ಕೆಡುತ್ತದೆ, ಪೋಷಕರು ಆಕ್ಷೇಪಿಸುತ್ತಾರೆ ಎಂಬ ಕಾರಣ ಕೊಟ್ಟರು. ಸಿತ್ತೇರಿ ಬೆಟ್ಟದ ಬುಡದಲ್ಲಿರುವ ಆ ಮಲಯಾಳಿ ಬುಡಕಟ್ಟಿನ ಊರಿಗೆ 1992ರ ಜೂನ್ 20ರಂದು ಅರಣ್ಯ, ಪೊಲೀಸ್, ಕಂದಾಯ ಇಲಾಖೆಗಳವರು ಗಂಧದ ಮರ ಹುಡುಕುವ ಹೆಸರಿನಲ್ಲಿ ನುಗ್ಗಿದರು. ಮನೆಗಳನ್ನು ಧ್ವಂಸ ಮಾಡಿದರು, ಜನರನ್ನು ಹೊಡೆದರು, 18 ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಮಾಡಿದರು. ಆ ಊರಿನ ಹೆಂಗಸರು ಸುಮ್ಮನೆ ಕೂರಲಿಲ್ಲ. ಬುಡಕಟ್ಟು ಸಂಘದವರ, ಎಡಪಕ್ಷದವರ ಜೊತೆ ನಿಂತು ಕೋರ್ಟಿಗೆ ಅಲೆದರು, ಸಾಕ್ಷಿ ಹೇಳಿದರು, ಆರೋಪಿಗಳನ್ನು ಗುರುತಿಸಿದರು. ಆರೋಪ ಹೊತ್ತ ಸರ್ಕಾರಿ ನೌಕರರು 269 ಮಂದಿ. ತೀರ್ಪಿನ ಹೊತ್ತಿಗೆ 54 ಮಂದಿ ಸತ್ತಿದ್ದರು. 2011ರ ಸೆಪ್ಟೆಂಬರ್ 29ರಂದು ಧರ್ಮಪುರಿಯ ನ್ಯಾಯಾಲಯ ಉಳಿದ 215 ಮಂದಿಯೂ ಅಪರಾಧಿಗಳೆಂದು ಹೇಳಿತು. 2023ರ ಸೆಪ್ಟೆಂಬರ್ 29ರಂದು ಮದ್ರಾಸ್ ಹೈಕೋರ್ಟು ಆ ತೀರ್ಪನ್ನು ಎತ್ತಿಹಿಡಿಯಿತು. ಮೂವತ್ತೊಂದು ವರ್ಷ ಸರ್ಕಾರದ ವಿರುದ್ಧ ಹೋರಾಡಿ ಗೆದ್ದವರು ಆ ಹೆಂಗಸರು. ಅವರಿರುವ ತಾಲ್ಲೂಕಿಗೆ ನಾವು ಮಕ್ಕಳನ್ನು ಕರೆದುಕೊಂಡು ಹೋಗುವುದು ಮಹಿಳಾ ಜಾಗೃತಿ ಮೂಡಿಸುವ ಬೀದಿನಾಟಕ ಆಡಿಸಲು. ನ್ಯಾಯ, ಧೈರ್ಯ, ಕಾನೂನು ಎಂದರೆ ಏನು ಎಂದು ಕಲಿಸುವ ಅರ್ಹತೆ ಆ ನೆಲದಲ್ಲಿ ಯಾರಿಗಿದೆ, ಕಲಿಯಬೇಕಾದವರು ಯಾರು? ವಾಚಾತಿಯ ಹೆಸರೆತ್ತದೆ ಹರೂರಿನಲ್ಲಿ ಶಿಬಿರ ನಡೆಸುವುದು ಆ ಜನರಿಗೆ ಮಾಡುವ ಅವಮಾನ ಎಂದು ನಾನು ಅಂದೂ ಹೇಳಿದ್ದೆ, ಇಂದೂ ಹೇಳುತ್ತೇನೆ.

ಆ ನಗುಮುಖಗಳ ಹಿಂದೆ ಇರುವ ಮತ್ತೊಂದು ಸಂಗತಿ ಇದು. 2015ರ ಏಪ್ರಿಲ್ 7ರಂದು ಶೇಷಾಚಲಂ ಕಾಡಿನಲ್ಲಿ ಆಂಧ್ರ ಪೊಲೀಸರ ಗುಂಡಿಗೆ ಬಲಿಯಾದ 20 ಮಂದಿ ಮರ ಕಡಿಯುವ ಕೂಲಿಗಳು ತಮಿಳುನಾಡಿನವರು, ಅವರಲ್ಲಿ ಧರ್ಮಪುರಿ, ಸೇಲಂ ಸೀಮೆಯ ಬೆಟ್ಟದೂರುಗಳವರೂ ಇದ್ದರು. ಆ ಬೆಟ್ಟದೂರುಗಳಲ್ಲಿ ನಿಂತು ಖುಷಿಯ ಮಾತಾಡುವ ಮುನ್ನ ಇದು ಗೊತ್ತಿರಬೇಕು.

ಜಾಗೃತಿಯ ವಿಷಯಕ್ಕೇ ಬರೋಣ. ಧರ್ಮಪುರಿ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ತಲೆಮಾರುಗಳಿಂದ ಹಲ್ಲು ಕಂದಿದವು, ಮೂಳೆ ಬಾಗಿದವು. ಶಿಬಿರಗಳು ಫ್ಲೋರೋಸಿಸ್ ಬಗ್ಗೆ ಭಿತ್ತಿಪತ್ರ ಅಂಟಿಸಿದವು, ಬಾವಿಯ ನೀರು ಕುಡಿಯಬೇಡಿ ಎಂದು ಬೋಧಿಸಿದವು. ಬೇರೆ ನೀರಿಲ್ಲದವರಿಗೆ ಈ ಬೋಧನೆ ಏನು ಪ್ರಯೋಜನ? ಬದಲಾವಣೆ ತಂದದ್ದು ಕೊಳವೆಯಲ್ಲಿ ಬಂದ ಕಾವೇರಿ. ಜಪಾನಿನ ನೆರವಿನಿಂದ ಸುಮಾರು 1,928 ಕೋಟಿ ರೂಪಾಯಿ ವೆಚ್ಚದಲ್ಲಿ ಕಟ್ಟಿದ ಹೊಗೇನಕಲ್ ಕುಡಿಯುವ ನೀರಿನ ಯೋಜನೆ 2013ರಲ್ಲಿ ಜಾರಿಗೆ ಬಂತು. ನಾವು ಕನ್ನಡಿಗರು 2008ರಲ್ಲಿ ಆ ಯೋಜನೆಯ ವಿರುದ್ಧ ಬೀದಿಗಿಳಿದದ್ದನ್ನು ಮರೆತಿಲ್ಲ. ಗಡಿಯ ತಕರಾರು ಏನೇ ಇರಲಿ, ಆ ನೀರು ಕುಡಿಯುವವರಲ್ಲಿ ಕನ್ನಡ ಮಾತಾಡುವ ಮನೆಗಳೂ ಇವೆ, ಅವರ ಮಕ್ಕಳ ಹಲ್ಲಿನ ಪ್ರಶ್ನೆ ಅದು. ಕಾವೇರಿಯ ಬಗ್ಗೆ ಇಷ್ಟೆಲ್ಲ ಮಾತಾಡುವ ಬೆಂಗಳೂರಿನ ವಿದ್ಯಾರ್ಥಿಗೆ ಆ ಕೊಳವೆಯ ಕೊನೆಯ ನಲ್ಲಿಯ ಮುಂದೆ ನಿಂತು ನೋಡುವುದಕ್ಕಿಂತ ದೊಡ್ಡ ಶಿಕ್ಷಣ ಬೇಕೆ? ಆದರೆ ನಮ್ಮ ವೇಳಾಪಟ್ಟಿಯಲ್ಲಿ ಹೊಗೇನಕಲ್ ಬರುವುದು ಕೊನೆಯ ದಿನದ ವಿಹಾರಕ್ಕೆ, ಹರಿಗೋಲು ಮತ್ತು ಕರಿದ ಮೀನಿಗಾಗಿ.

ಹಾಗಾದರೆ ಹೊರಗಿನವರಿಂದ ಹಳ್ಳಿಗೆ ಏನೂ ಆಗುವುದೇ ಇಲ್ಲವೇ ಎಂದು ಕೇಳುತ್ತಾರೆ. ಆಗುತ್ತದೆ, ಮತ್ತು ಹೇಗೆ ಆಗುತ್ತದೆ ಎಂಬುದಕ್ಕೆ ಅದೇ ಜಿಲ್ಲೆಯಲ್ಲಿ ಉದಾಹರಣೆ ಇದೆ. ಕಲ್ರಾಯನ್ ಮತ್ತು ಸಿತ್ತೇರಿ ಬೆಟ್ಟಗಳ ನಡುವಿನ ಕಣಿವೆ ಸಿಟ್ಟಿಲಿಂಗಿ. ಮಲಯಾಳಿ ಬುಡಕಟ್ಟಿನವರೂ ನಮ್ಮ ಸಂಡೂರಿನ ಲಂಬಾಣಿಗಳ ಬಂಧುಗಳಂಥ ಲಂಬಾಡಿಗಳೂ ಅಲ್ಲಿ ಇದ್ದಾರೆ. ಡಾ. ರೆಜಿ ಜಾರ್ಜ್ ಮತ್ತು ಡಾ. ಲಲಿತಾ ರೆಜಿ ದಂಪತಿ 1993ರಲ್ಲಿ ಅಲ್ಲಿಗೆ ಬಂದಾಗ ಹತ್ತಿರದ ಆಸ್ಪತ್ರೆ ಹರೂರಿನಲ್ಲಿ, ಸುಮಾರು 50 ಕಿಲೋಮೀಟರ್ ದೂರ. ಸಾವಿರ ಕೂಸುಗಳಲ್ಲಿ 147 ಕೂಸುಗಳು ವರ್ಷ ತುಂಬುವ ಮುನ್ನ ಸಾಯುತ್ತಿದ್ದವು. ಹುಲ್ಲು ಹೊದಿಸಿದ ಗುಡಿಸಲಿನಲ್ಲಿ ಚಿಕಿತ್ಸೆ ಶುರು ಮಾಡಿದರು. ಊರಿನ ಹೆಣ್ಣುಮಕ್ಕಳನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ, ದಾದಿಯರನ್ನಾಗಿ ತಯಾರು ಮಾಡಿದರು. ಆ ಟ್ರೈಬಲ್ ಹೆಲ್ತ್ ಇನಿಷಿಯೇಟಿವ್ ಮುಂದೆ ಪೂರ್ಣ ಆಸ್ಪತ್ರೆಯಾಯಿತು, ಶಿಶುಮರಣ 20ರ ಆಸುಪಾಸಿಗೆ ಇಳಿಯಿತು. ರೈತರು ಸೇರಿ ಸಾವಯವ ಕೃಷಿಕರ ಸಂಘ ಕಟ್ಟಿಕೊಂಡರು, ಮರೆತೇ ಹೋಗಲಿದ್ದ ಲಂಬಾಡಿ ಕಸೂತಿಗೆ ಹೆಂಗಸರು ಪೊರ್ಗೈ ಎಂಬ ಹೆಸರಿನಲ್ಲಿ ಮತ್ತೆ ಜೀವ ಕೊಟ್ಟರು. ಇದೆಲ್ಲ ಆದದ್ದು ಆ ದಂಪತಿ ಅಲ್ಲೇ ಮನೆ ಮಾಡಿ, ಅಲ್ಲೇ ಮಕ್ಕಳನ್ನು ಬೆಳೆಸಿ, ದಶಕಗಳ ಕಾಲ ಉಳಿದದ್ದರಿಂದ. ಮತ್ತು ಕೆಲಸದ ಬಹುಭಾಗ ಆ ಕಣಿವೆಯ ಹೆಣ್ಣುಮಕ್ಕಳ ಕೈಗೆ ಬಂದದ್ದರಿಂದ. ಈ ಕಥೆಯನ್ನೇ ನಮ್ಮ ಕಾಲೇಜುಗಳು ತಮ್ಮ ಶಿಬಿರದ ಸಮರ್ಥನೆಗೆ ಬಳಸಿಕೊಳ್ಳುತ್ತವೆ, ನೋಡಿ ಸೇವೆ ಮಾಡಿದರೆ ಏನೆಲ್ಲ ಆಗುತ್ತದೆ ಎಂದು. ಸಿಟ್ಟಿಲಿಂಗಿ ಹೇಳುವುದು ತದ್ವಿರುದ್ಧವಾದದ್ದನ್ನು. ಅಷ್ಟು ಕಾಲ, ಅಷ್ಟು ಕಲಿತ ವಿದ್ಯೆ, ಅಷ್ಟು ಸ್ಥಳೀಯ ದುಡಿಮೆ ಬೇಕಾದ ಬದಲಾವಣೆಯ ಒಂದು ಚೂರನ್ನು ಏನೂ ಕಲಿಯದ ಮೊದಲ ವರ್ಷದ ವಿದ್ಯಾರ್ಥಿ ಏಳು ದಿನದಲ್ಲಿ ತರಬಲ್ಲ ಎನ್ನುವುದು ಆ ವೈದ್ಯರಿಗೂ ಆ ದಾದಿಯರಿಗೂ ಗೌರವ ತರುವ ಮಾತಲ್ಲ.

ಚಿಂತಕ ಇವಾನ್ ಇಲಿಚ್ 1968ರ ಏಪ್ರಿಲಿನಲ್ಲಿ ಮೆಕ್ಸಿಕೋದ ಕ್ವೆರ್ನವಾಕಾದಲ್ಲಿ, ಬೇಸಿಗೆ ರಜೆಗೆ ಸೇವೆ ಮಾಡಲು ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳನ್ನು ಕುರಿತು, ನೋಡಲು ಬನ್ನಿ, ಓದಲು ಬನ್ನಿ, ಸಹಾಯ ಮಾಡಲು ಮಾತ್ರ ಬರಬೇಡಿ ಎಂಬ ಅರ್ಥದಲ್ಲಿ ಮಾತಾಡಿದ್ದ. ಅವನ ವಾದದ ಬಹುಪಾಲು ನನಗೆ ಒಪ್ಪಿಗೆ. ಆದರೆ ನಮ್ಮ ಸ್ಥಿತಿ ಬೇರೆ. ಅವರ ನಡುವೆ ಇದ್ದದ್ದು ಎರಡು ದೇಶಗಳ ಗಡಿ. ಬೆಂಗಳೂರಿಗೂ ಧರ್ಮಪುರಿಗೂ ನಡುವೆ ಇರುವುದು ಕೆಲವೇ ಗಂಟೆಗಳ ಬಸ್ ಪ್ರಯಾಣ. ಆ ಬಸ್ಸಿನಲ್ಲಿ ದಶಕಗಳಿಂದ ಓಡಾಡುತ್ತಿರುವವರು ನಮ್ಮ ಮಕ್ಕಳಿಗಿಂತ ಎಷ್ಟೋ ಹೆಚ್ಚಾಗಿ ಅಲ್ಲಿಯ ಕೂಲಿಕಾರರು. ಬೆಂಗಳೂರಿನ ಎಷ್ಟು ಮನೆ, ಎಷ್ಟು ಕಾಲೇಜು ಕಟ್ಟಡ, ಎಷ್ಟು ಮೇಲ್ಸೇತುವೆಗೆ ಧರ್ಮಪುರಿ, ಸೇಲಂ, ತಿರುವಣ್ಣಾಮಲೈ ಕಡೆಯ ಗಂಡಸರು ಹೆಂಗಸರು ಗಾರೆ ಹೊತ್ತಿದ್ದಾರೆ! ಅವರು ನಮ್ಮ ಊರಿಗೆ ಬಂದು ತಿಂಗಳುಗಟ್ಟಲೆ ತಗಡಿನ ಶೆಡ್ಡಿನಲ್ಲಿ ಮಲಗಿ ಕಟ್ಟಿದ ಗೋಡೆಯನ್ನು ಯಾರೂ ಸೇವೆ ಎಂದು ಕರೆಯಲಿಲ್ಲ. ನಾವು ಅವರ ಊರಿಗೆ ಹೋಗಿ ಬಳಿದ ಬಣ್ಣಕ್ಕೆ ಮಾತ್ರ ಪ್ರಮಾಣಪತ್ರ. ಹಾಗಾಗಿ ಬರಬೇಡಿ ಎಂದು ನಾನು ಹೇಳಲಾರೆ. ನಮಗೂ ಅವರಿಗೂ ಹಳೆಯ ಬಾಕಿ ಇದೆ, ಬಾಕಿ ಇರುವವರು ಹೋಗಬೇಕು. ಆದರೆ ದಾನಿಗಳ ಗತ್ತಿನಲ್ಲಿ ಹೋಗಬಾರದು.

ಈ ಶಿಬಿರಗಳ ಪರವಾಗಿ ಇರುವ ಅತ್ಯಂತ ಗಟ್ಟಿಯಾದ ವಾದ ಒಂದಿದೆ, ಅದನ್ನು ತಳ್ಳಿಹಾಕುವುದು ಸುಲಭವಲ್ಲ. ಊರಿಗೆ ಏನೂ ಆಗದಿರಬಹುದು, ಆದರೆ ವಿದ್ಯಾರ್ಥಿ ಬದಲಾಗುತ್ತಾನೆ, ಮುಂದೆ ಅಧಿಕಾರಿಯೋ ಎಂಜಿನಿಯರೋ ಆದಾಗ ಆ ಬದಲಾವಣೆಯ ಫಲ ಎಲ್ಲ ಹಳ್ಳಿಗಳಿಗೂ ಸಿಗುತ್ತದೆ ಎಂಬುದು ಆ ವಾದ. ಹಾಗೆ ಬದಲಾದ ಕೆಲವರನ್ನು ನಾನೂ ಬಲ್ಲೆ. ಆದರೆ ಬದಲಾಯಿಸುವ ಕೆಲಸವನ್ನು ಮಾಡಿದವರು ಯಾರು? ನೀರು ಹೊತ್ತ ಅಜ್ಜಿ, ಮಾತನ್ನು ಮೆದು ಮಾಡಿದ ಸಂಯೋಜಕಿ, ತನ್ನ ಹೊಲದ ಕಥೆ ಹೇಳಿದ ರೈತ. ಒಬ್ಬ ಮೇಷ್ಟರು ಇದನ್ನೇ ತರಗತಿಯಲ್ಲಿ ಮಾಡಿದರೆ ನಾವು ಸಂಬಳ ಕೊಡುತ್ತೇವೆ, ನಿವೃತ್ತಿಯಾದಾಗ ಶಾಲು ಹೊದಿಸುತ್ತೇವೆ. ವಿದ್ಯಾರ್ಥಿ ಬದಲಾಗುತ್ತಾನೆ ಎಂಬುದು ಶಿಬಿರದ ಸಮರ್ಥನೆಯಾಗುವುದಾದರೆ, ಬದಲಾಯಿಸಿದವರಿಗೆ ಕೂಲಿ ಕೊಡಬೇಕು ಎಂಬುದೂ ಅದೇ ಉಸಿರಿನಲ್ಲಿ ಬರಬೇಕು. ಬರುವುದಿಲ್ಲ. ಹತ್ತೊಂಬತ್ತರ ಹುಡುಗನ ಅಂತಃಕರಣ ತೆರೆಯಲು ಬಡವರ ಮನೆಯ ಅಂಗಳವನ್ನು ಉಚಿತವಾಗಿ ಬಳಸಿಕೊಳ್ಳುವ ಹಕ್ಕು ನಮಗೆ ಯಾರೂ ಕೊಟ್ಟಿಲ್ಲ.

ಊರಿನವರೇ ಕರೆಯುತ್ತಾರಲ್ಲ, ಅವರೇ ಆರತಿ ಎತ್ತಿ ಬರಮಾಡಿಕೊಳ್ಳುತ್ತಾರಲ್ಲ ಎನ್ನುವವರಿಗೆ ಒಂದು ಮಾತು. ಬೇಡ ಎನ್ನಲು ಸಾಧ್ಯವಿದ್ದಾಗ ಮಾತ್ರ ಒಪ್ಪಿಗೆಗೆ ಬೆಲೆ. ಸಂಸ್ಥೆಯ ಜೀಪಿನಲ್ಲಿ ಬಂದವರಿಗೆ, ಮುಂದೆ ಯಾವುದಾದರೂ ಸೌಲಭ್ಯ ಸಿಕ್ಕೀತೆಂಬ ಆಸೆಯಿರುವ ಊರು ಬೇಡ ಎನ್ನುವುದಿಲ್ಲ. ಡಿಸೆಂಬರ್ ಜನವರಿಯಲ್ಲಿ ನಮ್ಮ ಸೆಮಿಸ್ಟರ್ ರಜೆ ಎಂದು ಶಿಬಿರ ಇಡುತ್ತೇವೆ. ಕೊಯ್ಲು, ಒಕ್ಕಣೆ, ಪೊಂಗಲಿನ ಸಡಗರ ಎಲ್ಲ ಸೇರಿ ಅವರಿಗೆ ಕೈ ಬಿಡುವಿಲ್ಲದ ಹೊತ್ತು ಅದು. ನಿಮಗೆ ಯಾವಾಗ ಅನುಕೂಲ ಎಂದು ಕಾಲೇಜೊಂದು ಊರನ್ನು ಕೇಳಿದ್ದನ್ನು ನಾನು ನೋಡಿಲ್ಲ.

ಸಿಬ್ಬಂದಿಯಾಗಿ ದುಡಿಯುತ್ತಿರುವ ಕಿರಿಯರಿಗೆ ಹೇಳಬೇಕಾದದ್ದು ಇದೆ. ಮಕ್ಕಳು ಸುರಕ್ಷಿತವಾಗಿ ಮನೆ ಸೇರಿದರೆ, ಪೋಷಕರು ಮೆಚ್ಚಿದರೆ, ನಮ್ಮ ಕೆಲಸ ಮುಗಿಯಿತು ಎಂದು ನಮಗೆ ಹೇಳಿಕೊಟ್ಟಿದ್ದಾರೆ. ಅದು ಅರ್ಧ ಕೆಲಸ. ವರದಿಯಲ್ಲಿ ಫಲಾನುಭವಿಗಳು ಎಂಬ ತಲೆಬರಹದ ಕೆಳಗೆ ಊರಿನವರ ಸಂಖ್ಯೆ ಬರೆಯಿರಿ ಎಂದಾಗ ಬರೆಯಬೇಡಿ, ಅಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಬರೆಯಿರಿ. ಯಾವ ಮಗುವೂ ನೆರವೇರಿಸಲಾಗದ ಮಾತು ಕೊಡದಂತೆ ಮೊದಲ ದಿನವೇ ತಡೆಯಿರಿ. ಸಮೀಕ್ಷೆ ಮಾಡಿದರೆ ಅದರ ಪ್ರತಿಯನ್ನು ತಮಿಳಿನಲ್ಲಿ ಪಂಚಾಯತಿಗೆ ಒಪ್ಪಿಸಿ, ಒಪ್ಪಿಸಲಾಗದಿದ್ದರೆ ಸಮೀಕ್ಷೆಯನ್ನೇ ಮಾಡಬೇಡಿ. ಸ್ಥಳೀಯ ಸಂಯೋಜಕಿಗೆ ನಿಮ್ಮಷ್ಟೇ ಸಂಬಳ ಸಿಗುವವರೆಗೆ ಮೇಲಿನವರನ್ನು ಬಿಡಬೇಡಿ. ಇದರಿಂದ ಕೆಲಸ ಹೋಗಬಹುದು ಎಂಬುದು ನನಗೆ ಗೊತ್ತು. ಆದರೂ ಹೇಳುತ್ತಿದ್ದೇನೆ.

ಕಾಲೇಜುಗಳಿಗೆ ಹೇಳುವುದು ಇನ್ನೂ ನೇರವಾದದ್ದು. ತಮಿಳುನಾಡಿನಲ್ಲಿ ಅಕ್ಟೋಬರ್ 2ರಂದು ಗ್ರಾಮಸಭೆ ಸೇರುತ್ತದೆ. ಈ ಸಲದ ಶಿಬಿರಕ್ಕೆ ದಿನ ಗೊತ್ತು ಮಾಡುವ ಮುನ್ನ ನಿಮ್ಮ ಪ್ರತಿನಿಧಿಯೊಬ್ಬರು ಆ ಸಭೆಗೆ ಹೋಗಲಿ. ನಮ್ಮ ಮಕ್ಕಳು ನಿಮ್ಮಿಂದ ಕಲಿಯಲು ಬರಬೇಕೆಂದಿದ್ದಾರೆ, ಕಲಿಸುವವರಿಗೆ ದಿನಕ್ಕೆ ಇಷ್ಟು ಕೊಡುತ್ತೇವೆ, ನೀರು ಹಿಡಿದುಕೊಡುವವರಿಗೆ, ಅಡಿಗೆಯವರಿಗೆ ಇಷ್ಟು, ಯಾವ ತಿಂಗಳು ಬರಬೇಕು ಎಂದು ನೀವೇ ಹೇಳಿ, ಇದೇ ಊರಿಗೆ ಐದು ವರ್ಷ ಬರುತ್ತೇವೆ ಎಂದು ಎಲ್ಲರೆದುರು ಕೇಳಲಿ. ಊರು ಬೇಡ ಎಂದರೆ ಬಸ್ಸಿನ ಮುಂಗಡವನ್ನು ವಾಪಸು ಪಡೆಯಲಿ. ಬನ್ನಿ ಎಂದರೆ, ಹೊರಡುವ ಮುನ್ನ ಆ ಹಣವನ್ನು ಪಂಚಾಯತಿಯ ರಸೀದಿ ಪಡೆದು ಕಟ್ಟಲಿ.